ಕ್ಯಾಂಪರ್ ಒಳಗೆ 240 ವೋಲ್ಟ್

19 ಮೇ 2024, ಭಾನುವಾರ, ರಾತ್ರಿ 11 ಗಂಟೆ
ಕ್ಯಾರಿ, ನಾರ್ತ್ ಕ್ಯಾರೊಲಿನಾ

ನಿನ್ನೆ ಬರೆಯೋಕೆ ಹೊತ್ತೇ ಸಿಗಲಿಲ್ಲ. ಇವತ್ತು ಕೂತು ಬರೆದಿಡಬೇಕು, ಇಲ್ಲದಿದ್ದರೆ ಯಾವ ರೀಡಿಂಗ್ ಎಲ್ಲಿ ಬಂತು ಅನ್ನೋದು ನನಗೇ ಮರೆತುಹೋಗುತ್ತದೆ.

ಹೋದ ಅಕ್ಟೋಬರ್‌ನಲ್ಲಿ ಒಂದು ಹಳೇ ಕ್ಯಾಂಪರ್ ಕೊಂಡಿದ್ದೆವು. ಮಲಗೋಕೆ ಹಾಸಿಗೆ, ಫ್ರಿಜ್ ಎಲ್ಲ ಇರುವ ಪುಟ್ಟ ಮನೆಯಂಥ ಗಾಡಿ, ಕಾರಿನ ಹಿಂದೆ ಎಳೆದುಕೊಂಡು ಹೋಗುವಂಥದ್ದು, 18 ಅಡಿ. ಮುಂದಿನ ವಾರ ಮೆಮೋರಿಯಲ್ ಡೇ ರಜಕ್ಕೆ ಬ್ಲೂ ರಿಡ್ಜ್ ಬೆಟ್ಟಗಳ ಕಡೆ ಹೊರಡೋದು ಅಂತ ಲೆಕ್ಕ. ಮನೆ ಮುಂದೆ ನಿಲ್ಲಿಸಿ ಕರೆಂಟ್ ಕೊಟ್ಟರೆ ಹಿಂದಿನ ದಿನವೇ ಫ್ರಿಜ್ ತಣ್ಣಗಾಗಿರುತ್ತದೆ, ಬ್ಯಾಟರಿ ತುಂಬಿರುತ್ತದೆ. ಅದಕ್ಕೇ ಗ್ಯಾರೇಜಿನ ಹೊರಗೋಡೆಗೆ 30 ಆಂಪ್ ಔಟ್‌ಲೆಟ್ ಹಾಕಿಸಿದೆವು. ಶುಕ್ರವಾರ ಎಲೆಕ್ಟ್ರಿಷಿಯನ್ ಬಂದು ನೀಟಾಗಿ ಪೈಪ್ ಹಾಕಿ, 10 ಗೇಜ್ ವೈರ್ ಎಳೆದು, ಪ್ಯಾನೆಲ್‌ನಲ್ಲಿ ಹೊಸ ಬ್ರೇಕರ್ ಕೂರಿಸಿ ಹೋದರು. ಕೆಲಸ ಚೆನ್ನಾಗಿತ್ತು. ತಪ್ಪು ಇದ್ದದ್ದು ಒಂದೇ ವೈರಿನಲ್ಲಿ.

ಶನಿವಾರ ಬೆಳಿಗ್ಗೆ ಪ್ಲಗ್ ಹಾಕಿ ಬ್ರೇಕರ್ ಎತ್ತಿದೆ. ಮಗಳು ಒಳಗೆ ಹಾಸಿಗೆ ಮೇಲೆ ಟ್ಯಾಬ್ಲೆಟ್ ಹಿಡಿದು ಕೂತಿದ್ದಳು. ಎರಡು ಮೂರು ಸೆಕೆಂಡ್ ಆಗಿರಬಹುದು, ಒಳಗಿಂದ ಟಪ್ ಅಂತ ಒಂದು ಸದ್ದು, ಆಮೇಲೆ ಇನ್ನೊಂದು, "ಅಮ್ಮಾ ಹೊಗೆ" ಅಂತ ಅವಳು ಕೂಗಿದಳು. ಬ್ರೇಕರ್ ತಾನಾಗಿ ಬೀಳಲೇ ಇಲ್ಲ, ನಾನೇ ಇಳಿಸಿದೆ. ನಮ್ಮ ಮನೆಯವರು ಓಡಿಹೋಗಿ ಅವಳನ್ನು ಎತ್ತಿಕೊಂಡು ಹೊರಗೆ ಬಂದರು. ಬಾಗಿಲಲ್ಲೇ ಆ ವಾಸನೆ ಮುಖಕ್ಕೆ ಬಡಿಯಿತು. ತಿಪಟೂರಿನಲ್ಲಿ ಅಪ್ಪನದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ, ಸುಟ್ಟ ಕಾಯಿಲ್ ವಾಸನೆಯಲ್ಲೇ ಬೆಳೆದವಳು ನಾನು. ಏನೋ ಸುಟ್ಟಿದೆ ಅನ್ನೋದಕ್ಕೆ ನನಗೆ ಮೀಟರ್ ಬೇಕಾಗಲಿಲ್ಲ.

ಏನು ಸುಟ್ಟಿದೆ ಅಂತ ಹುಡುಕುವ ಮೊದಲು ಯಾಕೆ ಅನ್ನೋದು ಗೊತ್ತಾಗಬೇಕಿತ್ತು. ಪ್ಲಗ್ ಕಿತ್ತು, ಬರೀ ಔಟ್‌ಲೆಟ್‌ಗೆ ಕರೆಂಟ್ ಕೊಟ್ಟು ಮಲ್ಟಿಮೀಟರ್ ಇಟ್ಟೆ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 242. ಫೇಸ್‌ಗೂ ಅರ್ಥ್‌ಗೂ 121. ಇಲ್ಲಿಯವರೆಗೂ ಕೈ ಗಟ್ಟಿಯಾಗೇ ಇತ್ತು. ಮೂರನೇದು, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಸೊನ್ನೆ ಬರಬೇಕಾದ ಕಡೆ, ಅಲ್ಲೂ 121. ಅಂದರೆ ನ್ಯೂಟ್ರಲ್ ಇರಬೇಕಾದ ಕಿಂಡಿಯಲ್ಲಿ ಇನ್ನೊಂದು ಫೇಸ್ ಕೂತಿದೆ.

ಈ ದೇಶದ ಮನೆಗಳಿಗೆ ಟ್ರಾನ್ಸ್‌ಫಾರ್ಮರ್‌ನಿಂದ ಎರಡು ಫೇಸ್ ವೈರು, ಒಂದು ನ್ಯೂಟ್ರಲ್ ಬರುತ್ತವೆ. ಒಂದು ಫೇಸ್ ಮತ್ತು ನ್ಯೂಟ್ರಲ್ ಹಿಡಿದರೆ 120, ಎರಡು ಫೇಸ್ ಹಿಡಿದರೆ 240. ಲೈಟು, ಟಿವಿ, ಮಿಕ್ಸಿ ಎಲ್ಲ 120ರಲ್ಲಿ. ಬಟ್ಟೆ ಒಣಗಿಸುವ ಡ್ರೈಯರ್, ದೊಡ್ಡ ಒಲೆಗೆ 240. ಹಳೇ ಮನೆಗಳ ಡ್ರೈಯರ್ ಪ್ಲಗ್ 30 ಆಂಪ್, ಮೂರು ಪಿನ್. ಕ್ಯಾಂಪರ್‌ಗೆ ಹಾಕುವ ಟಿಟಿ-30 ಔಟ್‌ಲೆಟ್ ಕೂಡ 30 ಆಂಪ್, ಮೂರು ಪಿನ್, ಆದರೆ ಅದು ಬರೀ 120 ವೋಲ್ಟಿನದು. ಪಿನ್ನುಗಳ ಆಕಾರ ಬೇರೆ, ಸಂಖ್ಯೆ ಒಂದೇ. ಮನೆ ವೈರಿಂಗ್ ಮಾಡುವವರ ತಲೆಯಲ್ಲಿ 30 ಆಂಪ್ ಅಂದ ಕೂಡಲೇ ಡ್ರೈಯರ್ ಬರುತ್ತದೆ, ಜೋಡಿ ಬ್ರೇಕರ್ ಹಾಕಿಬಿಡುತ್ತಾರೆ. ಕ್ಯಾಂಪರ್ ಇಟ್ಟುಕೊಂಡವರಲ್ಲಿ ಇದು ಎಷ್ಟೋ ಜನಕ್ಕೆ ಆಗಿರುವ ತಪ್ಪು.

ನನ್ನನ್ನು ನಿನ್ನೆಯಿಂದ ಕೊರೆಯುತ್ತಿರುವುದು ಬೇರೆ. ಶುಕ್ರವಾರ ಸಂಜೆ ಪ್ಯಾನೆಲ್ ಬಾಗಿಲು ತೆಗೆದು ಆ ಬ್ರೇಕರನ್ನು ನಾನೇ ನೋಡಿದ್ದೆ. ಎರಡು ಲಿವರ್, ನಡುವೆ ಕಟ್ಟು. ನೋಡಿ ಸಮಾಧಾನವಾಗಿತ್ತು! ಯಾಕೆಂದರೆ ಊರಿನ ಮನೆಯ ಮೇನ್ ಹಾಗೇ ಇರುತ್ತದೆ ಅಲ್ವಾ, ಡಿಪಿ ಅಂದರೆ ಡಬಲ್ ಪೋಲ್, ಒಂದು ಕಡೆ ಫೇಸ್, ಇನ್ನೊಂದು ಕಡೆ ನ್ಯೂಟ್ರಲ್, ಇಳಿಸಿದರೆ ಎರಡೂ ಕಟ್. ಓ, ಡಿಪಿ ಹಾಕಿದ್ದಾರೆ, ಒಳ್ಳೇದು ಅಂದುಕೊಂಡೆ. ಇಲ್ಲಿ ಜೋಡಿ ಬ್ರೇಕರ್ ಅಂದರೆ ಎರಡೂ ಕಡೆ ಫೇಸ್. ಹದಿಮೂರು ವರ್ಷದಿಂದ ಇಲ್ಲಿದ್ದೇನೆ, ಆದರೂ ಕಣ್ಣು ಮಾತ್ರ ತಿಪಟೂರಿನ ಬೋರ್ಡನ್ನೇ ನೋಡಿತು. ಮೀಟರ್ ಡ್ರಾಯರ್‌ನಲ್ಲೇ ಇತ್ತು. ಎರಡು ನಿಮಿಷದ ಕೆಲಸ.

ನಿನ್ನೆ ಸಂಜೆಗೆ ಎಲೆಕ್ಟ್ರಿಷಿಯನ್ ಬಂದರು. ಮೀಟರ್ ತೋರಿಸಿದೆ, ವಾದ ಮಾಡಲಿಲ್ಲ. ಜೋಡಿ ಬ್ರೇಕರ್ ತೆಗೆದು 30 ಆಂಪಿನ ಸಿಂಗಲ್ ಹಾಕಿದರು, ಕಪ್ಪು ವೈರ್ ಅದಕ್ಕೆ, ಬಿಳಿ ವೈರನ್ನು ನ್ಯೂಟ್ರಲ್ ಬಾರ್‌ಗೆ. ಹದಿನೈದೇ ನಿಮಿಷ. ಈಗ 121, 121, 0. ಸುಟ್ಟಿದ್ದರ ಖರ್ಚು ನಾನೇ ಕೊಡುತ್ತೇನೆ ಎಂದರು. ಹೋಗುವಾಗ ಮಗಳು ಹೇಗಿದ್ದಾಳೆ ಅಂತ ಎರಡು ಸಲ ಕೇಳಿದರು.

ಇವತ್ತು ಬೆಳಿಗ್ಗೆಯಿಂದ ಒಂದೊಂದಾಗಿ ನೋಡುತ್ತಾ ಬಂದೆ. ಒಳಗಿನ ಬ್ರೇಕರ್ ಎಲ್ಲ ಇಳಿಸಿ, ಪ್ಲಗ್ ಆಗಿದ್ದದ್ದೆಲ್ಲ ಕಿತ್ತು, ಆಮೇಲೆ ಒಂದು ಬ್ರೇಕರ್ ಎತ್ತೋದು, ನೋಡೋದು, ಮುಂದಿನದಕ್ಕೆ ಹೋಗೋದು. ಎಲ್ಲ ಒಟ್ಟಿಗೆ ಆನ್ ಮಾಡಿದರೆ ಹೊಗೆ ಎಲ್ಲಿಂದ ಅಂತ ಗೊತ್ತಾಗಲ್ಲ.

ಲೈಟು, ನೀರಿನ ಪಂಪು ಸರಿಯಾಗಿವೆ, ಅವು ಬ್ಯಾಟರಿಯ 12 ವೋಲ್ಟಿನಲ್ಲಿ ಓಡುವಂಥವು. ಇದೇ ಮೋಸ ಮಾಡೋದು. ನಿನ್ನೆ ಇವರು ಲೈಟ್ ಹಾಕಿ, "ನೋಡು, ಏನೂ ಆಗಿಲ್ಲ" ಎಂದಿದ್ದರು. 120 ವೋಲ್ಟನ್ನು 12 ಮಾಡಿ ಬ್ಯಾಟರಿ ತುಂಬಿಸುವ ಕನ್ವರ್ಟರ್ ಸತ್ತಿದ್ದರೂ ಬ್ಯಾಟರಿ ಇಳಿಯುವವರೆಗೆ ಲೈಟ್ ಉರಿಯುತ್ತಲೇ ಇರುತ್ತದೆ. ಹೊರಗಿನ ಕರೆಂಟ್ ಕೊಟ್ಟು ಬ್ಯಾಟರಿಗೆ ಮೀಟರ್ ಇಟ್ಟೆ. ಕನ್ವರ್ಟರ್ ಜೀವಂತ ಇದ್ದಿದ್ದರೆ 13.6ರ ಹತ್ತಿರ ಬರಬೇಕು. 12.3ರಿಂದ ಅಲ್ಲಾಡಲಿಲ್ಲ. ಪ್ಲಗ್ ಕಿತ್ತು, ಬ್ಯಾಟರಿ ವೈರ್ ಬಿಡಿಸಿ, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದೆ. ಜಾಸ್ತಿ ವೋಲ್ಟೇಜ್ ಬಂದರೆ ತಾನು ಹೊಡೆಸಿಕೊಂಡು ಉಳಿದದ್ದನ್ನು ಕಾಪಾಡುವ ಬಿಲ್ಲೆಯಂಥ ಒಂದು ಭಾಗ ಇರುತ್ತದೆ, ವೇರಿಸ್ಟರ್. ಅದು ಸಿಡಿದು ಸುತ್ತ ಕರೀ ಮಸಿ. ಫ್ಯೂಸೂ ಹೋಗಿದೆ. ಫ್ಯೂಸ್ ಮಾತ್ರ ಬದಲಾಯಿಸಿ ನೋಡೋಣ ಅಂತ ಕೈ ತುರಿಸಿತು. ಮಾಡಲಿಲ್ಲ. ಮಗು ಮಲಗುವ ಗಾಡಿ. ಹೊಸದೇ ತರಿಸುತ್ತಿದ್ದೇನೆ, ಗುರುವಾರ ಬರುತ್ತದಂತೆ.

ಮೈಕ್ರೋವೇವ್ ಪೂರ್ತಿ ಸತ್ತಿದೆ. ಅದನ್ನು ಬಿಚ್ಚಲಿಲ್ಲ. ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ಕರೆಂಟ್ ಹಿಡಿದುಕೊಂಡಿರಬಹುದು. ಬಚ್ಚಲಮನೆಯ ಶಾಕ್ ತಡೆಯುವ ಔಟ್‌ಲೆಟ್‌ನಲ್ಲಿ ಟೆಸ್ಟ್ ಬಟನ್ ಒತ್ತಿದರೆ ಕರೆಂಟ್ ಕಟ್ಟಾಗುತ್ತಿಲ್ಲ, ಅದನ್ನೂ ಬದಲಾಯಿಸಬೇಕು. ಎಸಿ ಆಫ್ ಇತ್ತು, ಹಾಗಾಗಿ ಉಳಿಯಿತು. ಮಧ್ಯಾಹ್ನ ಅರ್ಧ ಗಂಟೆ ಓಡಿಸಿ ನೋಡಿದೆ.

ಫ್ರಿಜ್ ಬಗ್ಗೆ ತುಂಬಾ ಹೆದರಿದ್ದೆ. ಇದು ಗ್ಯಾಸಿನಲ್ಲೂ ಓಡುತ್ತದೆ, ಕರೆಂಟಿನಲ್ಲೂ. ಕರೆಂಟಿನಲ್ಲಾದರೆ ಒಳಗೆ 300 ವ್ಯಾಟಿನ ಒಂದು ಹೀಟರ್ ಕಡ್ಡಿ ಕಾಯುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಅಂದರೆ 1200 ವ್ಯಾಟ್! ಸದ್ಯ, ಸಿಕ್ಕಿದ್ದು ಕೆಲವೇ ಸೆಕೆಂಡ್. ಕಡ್ಡಿ ಸುಟ್ಟಿಲ್ಲದಿದ್ದರೆ ಲೆಕ್ಕದ ಪ್ರಕಾರ ಅದರ ರೆಸಿಸ್ಟೆನ್ಸ್ 48 ಓಮ್ ಬರಬೇಕು, ಮೀಟರ್ 48.5 ತೋರಿಸಿತು. ಖುಷಿಗೆ ಕಣ್ಣಲ್ಲಿ ನೀರು ಬಂತು, ನಿಜವಾಗಲೂ.

ಟ್ಯಾಬ್ಲೆಟ್ ಚಾರ್ಜರ್‌ಗೆ ಏನೂ ಆಗಿಲ್ಲ. ಅದರ ಬೆನ್ನ ಮೇಲೆ 100-240 ಅಂತ ಅಚ್ಚಾಗಿದೆ, ಊರಿಗೆ ಹೋದಾಗ ಅಪ್ಪನ ಮನೆಯಲ್ಲಿ ಹಾಕುವುದೂ ಅದನ್ನೇ. ಅರ್ಥ್ ವೈರ್ ಸರಿಯಾಗಿದ್ದದ್ದಕ್ಕೆ ಗಾಡಿಯ ಮೈಗೆ ಕರೆಂಟ್ ಬಂದಿರಲಿಲ್ಲ. ಅವಳು ಅಲ್ಯೂಮಿನಿಯಂ ಬಾಗಿಲಿನ ಪಕ್ಕದಲ್ಲೇ ಕೂತಿದ್ದಳು. ಅದನ್ನು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಈಗಷ್ಟೇ ಅಪ್ಪನ ಜೊತೆ ಮಾತಾಡಿದೆ, ಅಲ್ಲಿ ಬೆಳಿಗ್ಗೆ ಎಂಟೂವರೆ. ಎಲ್ಲ ಕೇಳಿಸಿಕೊಂಡು, "ತೆಂಗಿನ ಗರಿ ಬಿದ್ದು ನ್ಯೂಟ್ರಲ್ ಕಟ್ಟಾಗಿತ್ತಲ್ಲಮ್ಮ, ಆವತ್ತಿನ ಹಾಗೇ" ಎಂದರು. ನಾನು ಏಳನೇ ಕ್ಲಾಸಲ್ಲಿದ್ದೆ. ಗಾಳಿಗೆ ಗರಿ ಲೈನಿನ ಮೇಲೆ ಬಿದ್ದು ನಮ್ಮ ಬೀದಿಯ ಅಷ್ಟೂ ಟಿವಿ ಒಂದೇ ಸಂಜೆ ಹೋಗಿದ್ದವು. ನ್ಯೂಟ್ರಲ್ ಇಲ್ಲದಿದ್ದರೆ ಎರಡು ಮನೆಗಳು ಎರಡು ಫೇಸ್‌ಗಳ ನಡುವೆ ಸರಪಳಿ ಹಾಗೆ ಜೋತುಬೀಳುತ್ತವೆ, 230 ಬರೋ ಕಡೆ 400ರ ಹತ್ತಿರ ಹೋಗಬಹುದು ಅಂತ ಆವತ್ತು ಅಂಗಡಿ ಮುಂದೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದರು.

ಕ್ಯಾಂಪರ್‌ಗೆ ಕರೆಂಟ್ ಹೋಗುವ ಮೊದಲೇ ವೋಲ್ಟೇಜ್ ಅಳೆದು, ತಪ್ಪಿದ್ದರೆ ಒಳಗೆ ಬಿಡದ ಡಬ್ಬಿ ಒಂದು ಸಿಗುತ್ತದೆ. ಅದನ್ನೂ ಆರ್ಡರ್ ಮಾಡಿದೆ. ಹೋಗೋದಂತೂ ಹೋಗುತ್ತೇವೆ. ಬ್ಲೂ ರಿಡ್ಜ್ ಪಾರ್ಕ್‌ವೇ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಗಾಡಿಗೆ ಕರೆಂಟ್ ಕೊಡುವ ವ್ಯವಸ್ಥೆಯೇ ಇಲ್ಲ. ಗ್ಯಾಸ್ ಮತ್ತು ಬ್ಯಾಟರಿ ಇದ್ದರೆ ಸಾಕು. ಬ್ಯಾಟರಿಯನ್ನು ಸದ್ಯಕ್ಕೆ ಕಾರ್ ಬ್ಯಾಟರಿ ತುಂಬಿಸುವ ಚಾರ್ಜರ್‌ಗೆ ಹಾಕಿದ್ದೇನೆ. "ಮಲಗೋ ಮುಂಚೆ ಇನ್ನೊಂದು ಸಲ ಮೀಟರ್ ಇಟ್ಟು ನೋಡಮ್ಮ, ನನಗೆ ಮೆಸೇಜ್ ಮಾಡು" ಅಂದರು ಅಪ್ಪ. ಟಾರ್ಚ್ ತಗೊಂಡು ಹೋಗಿ ನೋಡಿಬರುತ್ತೇನೆ.