ನಿಮ್ಮ ಸಾಲಿ ಯಾವ ಇಸ್ವಿದು ಸರ್?

ರಾಯಚೂರಿನ ಹೊರಗ, ಮೊದ್ಲು ಹಳ್ಳಿ ಆಗಿತ್ತು ಈಗ ಲೇಔಟ್ ಮ್ಯಾಲೆ ಲೇಔಟ್ ಬಂದು ಸಿಟಿಗೇ ಕೂಡಿಬಿಟ್ಟೈತಿ, ಅಲ್ಲಿ ಸರ್ಕಾರಿ ಪ್ರೈಮರಿ ಸಾಲ್ಯಾಗ ಮಾಸ್ತರಿಕಿ ಮಾಡ್ತೀನಿ. ಟಿಸಿ ಒಯ್ಯಾಕ ಬಂದವ್ರು, ಈ ಕಡಿ ಜಿಲ್ಲೆಗಳ ಮೀಸಲಾತಿಯ 371ಜೆ ಸರ್ಟಿಫಿಕೇಟಿಗೆ ವ್ಯಾಸಂಗ ಪತ್ರ ಬೇಕಂತ ಬಂದವ್ರು, ಎಲೆಕ್ಷನ್ ಡ್ಯೂಟಿಗೆ ಬಂದವ್ರು, ಎಲ್ಲಾರೂ ಗೇಟಿನ ಮ್ಯಾಲಿನ ಆರ್ಚ್ ನೋಡಿ ಕೇಳೋದು ಒಂದೇ ಮಾತು. "ಸರ್, ಸಾಲಿ 1957ದ್ದಾ? ಮತ್ತ ನಮ್ಮಜ್ಜ ಸಣ್ಣವಿದ್ದಾಗ ಇಲ್ಲೇ ಓದೀನಿ ಅಂತಿದ್ನಲ್ರಿ, ಅವ ಅಷ್ಟೊತ್ತಿಗೆ ಲಗ್ನ ಆಗಿ ಮಕ್ಕಳ ತಂದಿ ಆಗಿದ್ದ."

ಅಜ್ಜ ಹೇಳಿದ್ದೇ ಖರೆ ನೋಡ್ರಿ. ಆರ್ಚ್ ಮ್ಯಾಲಿಂದು ಸಾಲಿ ಇಸ್ವಿ ಅಲ್ಲ, ಕನ್ನಡ ಅಡ್ಮಿಷನ್ ರಿಜಿಸ್ಟರಿನ ಇಸ್ವಿ.

ರಾಯಚೂರು ಮೈಸೂರು ರಾಜ್ಯಕ್ಕ ಸೇರಿದ್ದು 1956ರ ನವೆಂಬರ್ 1ಕ್ಕ. ಅದಕ್ಕೂ ಮೊದ್ಲು ಹೈದರಾಬಾದ್, 1948ರ ಸೆಪ್ಟೆಂಬರ್ ತನಕ ನಿಜಾಮನ ದರ್ಬಾರ. ಮೈಸೂರಿಗೆ ಸೇರಿದ ಮ್ಯಾಲೆ ನಮ್ಮ ಸಾಲ್ಯಾಗ ಹಳೇ ಪುಸ್ತಕ ಬಂದ್ ಮಾಡಿ ಹೊಸಾದು ಸುರು ಮಾಡ್ಯಾರ, ನಂಬರ್ ಒಂದರಿಂದ, ಅಚ್ಚ ಕನ್ನಡದಾಗ. ಆರ್ಚ್ ಕಟ್ಟಿಸೋ ಮುಂದ ಯಾರೋ ಆ ಪುಸ್ತಕ ತೆಗೆದು ಮೊದಲ್ನೇ ಸಾಲಿನ ತಾರೀಖು ನೋಡಿ ಪೇಂಟರಿಗೆ ಹೇಳಿಬಿಟ್ಟಾರ. ಆತು, ಸ್ಥಾಪನೆ 1957.

ಹಳೇ ಪುಸ್ತಕ ಎಲ್ಲಿತ್ತು ಅಂದ್ರ, ಬಿಸಿಊಟದ ಅಕ್ಕಿ ಮೂಟಿ ಕೆಳಗ. ಅಕ್ಷರ ದಾಸೋಹ 2002ರಾಗ ಮೊದ್ಲು ಬಂದಿದ್ದೇ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಈ ಕಡಿ ಜಿಲ್ಲೆಗಳಿಗೆ, ಆವಾಗ ಹಳೇ ಖೋಲಿ ಒಂದನ್ನ ಸ್ಟೋರ್ ರೂಮ್ ಮಾಡಿ, ನೆಲದ ತಂಪು ಅಕ್ಕಿಗೆ ಹತ್ತಬಾರ್ದಂತ ಅಲ್ಲಿದ್ದ ಕಬ್ಬಿಣದ ಟ್ರಂಕಿನ ಮ್ಯಾಲೇ ಮೂಟಿ ಒಟ್ಟಿದ್ರಂತ, ಟ್ರಂಕಿನಾಗ ಏನೈತಿ ಅಂತ ಯಾರೂ ತೆಗೆದು ನೋಡಿರಲಿಲ್ಲ. ನಾ ಬಂದ ಮ್ಯಾಲೆ ಇಲಿ ಕಾಟಕ್ಕ ಒಂದಿನ ಖೋಲಿ ಖಾಲಿ ಮಾಡಿಸಿದಾಗ ಸಿಕ್ತು. ಬಟ್ಟೆ ಬೈಂಡಿನ ಪುಸ್ತಕ. ನಾ ಎಡಗಡಿಯಿಂದ ತೆಗೆದ್ರ ಕಡೀ ಹಾಳಿ ಬಂತು, ಉರ್ದು ಅಲ್ರಿ, ಬಲಗಡಿಯಿಂದ ಓದಬೇಕು. ಕ್ಲಾಸಿನಾಗ ಪಾಠ ಕನ್ನಡದಾಗೇ ನಡೀತಿತ್ತು ಅಂತ ಊರಾಗಿನ ಹಿರೇರು ಹೇಳ್ತಾರ, ಆದ್ರ ದಫ್ತರ ಎಲ್ಲಾ ಉರ್ದು. ಮುಂದ ಓದಬೇಕಂದ್ರೂ ಉರ್ದು ಬೇಕಾಗಿತ್ತು, 1918ರಾಗ ಸುರು ಆದ ಉಸ್ಮಾನಿಯಾ ಯೂನಿವರ್ಸಿಟಿ ತನಕ ಅದೇ ದಾರಿ.

ನನಗ ಉರ್ದು ಅಷ್ಟಕ್ಕಷ್ಟೇ. ಅಂಕಿ ಗುರುತು ಹಿಡಿತೀನಿ ಅಂತ ಧೈರ್ಯ ಮಾಡಿ ಇಸ್ವಿ ಖಾನೆ ನೋಡಿದೆ, 135 ಅಂತ ಓದಿದೆ. ನೂರಾ ಮೂವತ್ತೈದು ಯಾವ ಇಸ್ವಿ! ಪಕ್ಕಕ್ಕ ಒಂದು ಶಾಯಿ ಚುಕ್ಕಿ ಬೇರೆ. ಮರುದಿನ ಉರ್ದು ಸಾಲಿ ಉಸ್ತಾದ್ರ ಮುಂದ ಹಿಡಿದ್ರ ಅವ್ರು ಹೊಟ್ಟಿ ಹಿಡ್ಕೊಂಡು ನಕ್ರು. "ಅದು ಶಾಯಿ ಬಿದ್ದಿದ್ದಲ್ಲ ಮಾಸ್ತರ್ರ, ಅದೇ ಸೊನ್ನಿ." ಉರ್ದುದಾಗ ಸೊನ್ನಿ ಅಂದ್ರ ಬರೇ ಚುಕ್ಕಿ. ಅಂದ್ರ 1350, ಫಸಲಿ ಇಸ್ವಿ. ತಿಂಗಳು ಅಮರ್ದಾದ್.

ಫಸಲಿ ಲೆಕ್ಕ ಹಿಂಗ. ನಿಜಾಮನ ಕಡಿ ವರ್ಷ ಸುರು ಆಗೋದು ಅಕ್ಟೋಬರಿನಾಗ, ಆಜುರ್ ತಿಂಗಳಿಂದ. ಅಕ್ಟೋಬರಿಂದ ಡಿಸೆಂಬರ್ ಕಡೀತನಕ ಆದ್ರ 590 ಕೂಡಿಸ್ಬೇಕು, ಜನವರಿ ಆದ ಮ್ಯಾಲೆ 591. ಅಮರ್ದಾದ್ ಅಂದ್ರ ಸುಮಾರು ಜೂನ್. ಹಂಗಾಗಿ 1350ಕ್ಕ 591 ಕೂಡಿಸಿದ್ರ 1941ರ ಜೂನ್. ಬಳ್ಳಾರಿಯಾಗ ನಮ್ಮ ಮಾವನವ್ರು ಮಾಸ್ತರ್ ಇದ್ರು, ಅವ್ರಿಗೆ ಈ ತಲಿಬ್ಯಾನಿನೇ ಇಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಾಗಿತ್ತು, 1953ರ ಅಕ್ಟೋಬರ್ 1ಕ್ಕ ಮೈಸೂರಿಗೆ ಬಂತು, ಅಲ್ಲಿ ರಿಜಿಸ್ಟರಿನಾಗ ಎಲ್ಲಾ ಇಂಗ್ಲೀಷ್ ತಾರೀಖು. ನಡುವೆ ತುಂಗಭದ್ರಾ ಹೊಳಿ ಅಷ್ಟೇ, ಲೆಕ್ಕನೇ ಬ್ಯಾರೆ.

ಉಸ್ತಾದ್ರು ಓದ್ತಾ ಹೋದ್ರು, ನಾ ಬರಕೊಂಡೆ. ಹುಡುಗನ ಹೆಸ್ರು, ವಲ್ದ್ ಅಂತ ಬರೆದು ಅಪ್ಪನ ಹೆಸ್ರು, ಆಮೇಲೆ ಪೇಶಾ, ಅಂದ್ರ ಅಪ್ಪನ ಉದ್ಯೋಗ. ಒಕ್ಕಲುತನ, ಒಕ್ಕಲುತನ, ಕೂಲಿ, ಒಕ್ಕಲುತನ, ನೇಕಾರ. ಹುಟ್ಟಿದ ತಾರೀಖಿನ ಖಾನೆದಾಗ ಭಾಳ ಕಡಿ ಬರೇ ವಯಸ್ಸು, ಆರು ವರ್ಷ, ಏಳು ವರ್ಷ. ಇದೊಂದು ವಾಸಿ ಅನಿಸ್ತು ನನಗ. ಮುಂದ ಕನ್ನಡ ರಿಜಿಸ್ಟರಿನಾಗ ಮಾಸ್ತರ್ರು ತಾರೀಖು ಬೇಕೇ ಬೇಕಂತ ಎಲ್ಲಾರಿಗೂ ಜೂನ್ 1 ಬರೆದು, ಈಗ ನಮ್ಮ ಕಡಿ ಅರ್ಧ ಊರಿನ ಬರ್ತಡೇ ಒಂದೇ ದಿನ ಬರ್ತೈತಿ, ವಾಟ್ಸಾಪ್ ಗ್ರೂಪಿನಾಗ ಅವತ್ತು ಕೇಕಿನ ಸ್ಟಿಕ್ಕರ್ ಬಿಟ್ಟು ಬ್ಯಾರೆ ಏನೂ ಇರಂಗಿಲ್ಲ.

ಹಂಗಾದ್ರ ಸಾಲಿ 1941ದ್ದು ಅನ್ರಿ ಅಂದ್ರ ಅದೂ ಆಗಂಗಿಲ್ಲ. ಯಾಕಂದ್ರ ಉಳಿದ ಹಾಳಿಗಳೊಳಗ ಮೊದಲ್ನೇ ಹುಡುಗನ ನಂಬರ್ 117. ಅವನಕಿಂತ ಮೊದ್ಲು 116 ಮಂದಿ ಬಂದು ಹೆಸ್ರು ಹಚ್ಚಿ ಹೋಗ್ಯಾರ, ಅವ್ರ ಹಾಳಿ ಇಲಿ ತಿಂದಾವ. ಹಿಂಗಾಗಿ ಕೇಳಿದವ್ರಿಗೆ ನಾ ಹೇಳೋದು ಇಷ್ಟೇ, 1941ಕ್ಕ ನಮ್ಮ ಸಾಲಿ ಆಗಲೇ ಹಳೇದಾಗಿತ್ರಿ.

ಮೊನ್ನೆ ಮೊನ್ನೆ ಒಬ್ಬ ಅವ್ವ ಮೊಮ್ಮಗಳನ್ನ ಹೆಸ್ರು ಹಚ್ಚಾಕ ಕರ್ಕೊಂಡು ಬಂದಿದ್ಲು. "ನಮ್ಮಪ್ಪನ ಹೆಸ್ರು ಐತೇನ್ರಿ ಅದರಾಗ?" ಅಂದ್ಲು. ಹೆಸ್ರು ಕೇಳಿ ನನ್ನ ನೋಟ್ ಬುಕ್ ತಿರುವಿದ್ರ 143ನೇ ನಂಬರ್, ಪೇಶಾ ಕೂಲಿ. ಟ್ರಂಕ್ ತೆಗೆದು ಮೂಲ ಪುಸ್ತಕನೇ ತೋರಿಸಿದೆ. ಅಕಿಗೆ ಉರ್ದು ಬರಂಗಿಲ್ಲ, ಕನ್ನಡನೂ ಬರಂಗಿಲ್ಲ, ಯಾವ್ದು ಯಾವ್ದು ಅಂತ ಬಟ್ಟು ಇಟ್ಟು ಕೇಳಿ, ಆ ಸಾಲಿನ ಮ್ಯಾಲೆ ಕೈ ಆಡಿಸಿ ಕಣ್ಣಿಗೆ ಒತ್ತಿಕೊಂಡ್ಲು.

ಆರ್ಚ್ ಮ್ಯಾಲೆ 1957 ಹಂಗೇ ಐತಿ. ಬಣ್ಣದ ಗ್ರಾಂಟ್ ಬಂದಾಗ ನೋಡೋಣಂತ.