ಟೋನ್‌ಆರ್ಮ್ ಒಳಕ್ಕೇ ಯಾಕೆ ಜಗ್ಗುತ್ತೆ?

ರೆಕಾರ್ಡ್ ಪ್ಲೇಯರ್‌ನಲ್ಲಿ ಸೂಜಿ ಹೊತ್ತ ತೋಳೇ ಟೋನ್‌ಆರ್ಮ್. ರೆಕಾರ್ಡ್ ತಟ್ಟೆ ತಿರುಗುವ ವೇಗಕ್ಕೆ ಸೂಜಿ ಒಳಕ್ಕೆ ಜಾರುತ್ತೆ ಅಂತ ಬಹಳ ಜನ ನಂಬಿದ್ದಾರೆ. ಅದಲ್ಲ. ವೇಗದ ಪಾತ್ರ ಇಲ್ಲಿ ತೀರಾ ಕಡಿಮೆ, ಕಾರಣ ಘರ್ಷಣೆ. ಅದು ಸೂಜಿಯನ್ನು ಗ್ರೂವ್‌ನ (ಸೂಜಿ ಓಡುವ ಗೀರಿನ) ಸ್ಪರ್ಶರೇಖೆಯ ಗುಂಟ ಎಳೆಯುತ್ತೆ. ಸೂಜಿ ಕೂರುವ ಆರ್ಮ್‌ನ ತುದಿ, ಅಂದರೆ ಹೆಡ್‌ಶೆಲ್, ಓರೆಯಾಗಿರುವುದರಿಂದ ಆ ರೇಖೆ ಆರ್ಮ್ ತಿರುಗುವ ಬಿಂದುವಾದ ಪಿವಟ್ ಮೂಲಕ ಹಾಯುವುದಿಲ್ಲ, ಪಕ್ಕಕ್ಕೆ ಸರಿದಿರುತ್ತೆ. ಹಾಗಾಗಿ ಆರ್ಮ್ ಕೇಂದ್ರದತ್ತ ತಿರುಗುತ್ತೆ.

ಲೆಕ್ಕ ನೋಡಿ: ಸೂಜಿ ತಟ್ಟೆಯನ್ನು ಒತ್ತುವ ಭಾರ 2 ಗ್ರಾಂ, ಘರ್ಷಣೆ ಅದರ 0.3ರಷ್ಟು ಎಂದರೆ 0.6 ಗ್ರಾಂ. ಓರೆ 23 ಡಿಗ್ರಿ ಇದ್ದರೆ ಒಳಜಗ್ಗು ಸುಮಾರು 0.23 ಗ್ರಾಂ. ಅಲ್ಪವೆನಿಸಿದರೂ ಗ್ರೂವ್‌ನ ಒಳಗೋಡೆಗೆ, ಅಂದರೆ ಎಡ ಚಾನೆಲ್‌ಗೆ, ಒತ್ತಡ ಹೆಚ್ಚುತ್ತೆ. ಬಲ ಚಾನೆಲ್‌ನ ಹಿಡಿತ ಸಡಿಲವಾಗಿ ತಾರಸ್ಥಾಯಿಯ ಪಿಟೀಲು ಕರಕರ ಅನ್ನುತ್ತೆ.

ಮೊದಲು ಸ್ಪಿರಿಟ್ ಲೆವೆಲ್ ಇಟ್ಟು ಪ್ಲೇಯರ್ ಸಮ ಮಾಡಿ. ಮೈಸೂರಿನ ಹಳೇ ಮನೆಗಳ ಕೆಂಪು ಗಾರೆ ನೆಲವನ್ನಂತೂ ನಂಬಬೇಡಿ. ಈ ಒಳಜಗ್ಗಿಗೆ ಎದುರಾಗಿ ಆರ್ಮನ್ನು ಹೊರಕ್ಕೆ ಎಳೆಯುವ ಆಂಟಿ-ಸ್ಕೇಟಿಂಗನ್ನು ಸೊನ್ನೆಯಲ್ಲಿಟ್ಟು ಸೂಜಿಯ ಭಾರ ತೂಗಿ, ಆಮೇಲೆ ಅದರ ಡಯಲನ್ನು ಆ ಭಾರದ ಅಂಕಿಗೇ ತಿರುಗಿಸಿ. ಜೋರು ಭಾಗದಲ್ಲಿ ಬಲಗಡೆ ದನಿ ಮೊದಲು ಒಡೆದರೆ ಹೆಚ್ಚಿಸಿ, ಎಡಗಡೆ ಒಡೆದರೆ ತಗ್ಗಿಸಿ. ಮುಂದಿನಿಂದಲೂ ನೋಡಿ: ಓಡುವಾಗ ಕ್ಯಾಂಟಿಲಿವರ್ (ಸೂಜಿ ಹೊತ್ತ ಸಣ್ಣ ಕಡ್ಡಿ) ತಟ್ಟೆಯ ಹೊರ ಅಂಚಿನತ್ತ ವಾಲಿದ್ದರೆ ತಿದ್ದುಪಡಿ ಸಾಲದು.

ಆಂಟಿ-ಸ್ಕೇಟಿಂಗ್ ಹೊಂದಿಸಲು ಗ್ರೂವ್ ಇಲ್ಲದ ನುಣುಪು ತಟ್ಟೆಯ ಮೇಲೆ ಮಾಡುವ ಪರೀಕ್ಷೆ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಸೂಜಿಯ ತುದಿ ಮಾತ್ರ ತಾಗುತ್ತೆ. ಗ್ರೂವ್‌ನಲ್ಲಾದರೆ ಎರಡೂ ಗೋಡೆಗಳು ಉಜ್ಜುತ್ತವೆ.

ಡಯಲ್ ಬದಲು ದಾರಕ್ಕೆ ಕಟ್ಟಿದ ತೂಕದಿಂದ ಆರ್ಮನ್ನು ಎಳೆಯುವ ಮಾದರಿಯಲ್ಲಿ ದಾರ ಕಳೆದಿದ್ದರೆ ಗಾಳದ ಸಣ್ಣ ನೈಲಾನ್ ಎಳೆ ಸಾಕು. ನೂಲು ಬೇಡ, ಜುಂಗೆದ್ದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತೆ.