ಕರಡು ಯಾರದು, ಸಹಿ ಯಾರದು?

ನಮ್ಮ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಒಂದು ಕುಂಟು ಮೇಜಿತ್ತು. ಅದರ ಒಂದು ಕಾಲಿನ ಕೆಳಗೆ ಹಳೆಯ ಹಾಜರಿ ಪುಸ್ತಕ ಇಟ್ಟು ಹೇಗೋ ನಿಲ್ಲಿಸಿದ್ದರು. 1994ರಲ್ಲಿ ನಾವು ಆರು ಜನ ಪ್ರತಿ ಶನಿವಾರ ಮಧ್ಯಾಹ್ನ ಅದರ ಸುತ್ತ ಕೂತು ಜಗಳ ಆಡುತ್ತಿದ್ದೆವು. ವಿಷಯ ಒಂದೇ. ಕವಿರಾಜಮಾರ್ಗ ಬರೆದದ್ದು ದೊರೆ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ?

ನಮ್ಮಲ್ಲಿ ಮೂವರು ಬಿ.ಎಸ್ಸಿ., ಇಬ್ಬರು ಬಿ.ಕಾಂ. ಹಳಗನ್ನಡವನ್ನು ತಡವರಿಸದೆ ಓದುತ್ತಿದ್ದವಳು ಬಿ.ಎ.ದ ಹುಡುಗಿ ಒಬ್ಬಳೇ. ಕಿಡಿ ಹಚ್ಚಿದವರು ಕನ್ನಡದ ಸರ್. "ಕನ್ನಡದಾಗ ಸಿಕ್ಕಿರೋ ಮೊದಲನೇ ಪುಸ್ತಕ. ಬರದಾತ ಯಾರಂತ ಇನ್ನೂ ತಕರಾರು ಅದ. ಆ ದೊರೀ ರಾಜಧಾನಿ ಮಳಖೇಡ ಇಲ್ಲಿಂದ 40 ಕಿಲೋಮೀಟರ್ ಅದ, ನಿಮ್ಮಾಗ ಎಷ್ಟು ಮಂದಿ ನೋಡೀರಿ?" ಅಂದರು. ಗುಲ್ಬರ್ಗಾದಲ್ಲೇ ಹುಟ್ಟಿ ಬೆಳೆದ ನಾವು ಯಾರೂ ಕೈ ಎತ್ತಲಿಲ್ಲ.

ಮೊದಲು ನಾನೂ, ನನ್ನ ಬಿ.ಕಾಂ. ಗೆಳೆಯನೂ ನೃಪತುಂಗನ ಪಕ್ಷ. 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟರ ದೊರೆ, ಅಮೋಘವರ್ಷ ಅನ್ನುವ ಹೆಸರು, ನಮ್ಮ ಜಿಲ್ಲೆಯವನು ಬೇರೆ. 1898ರಲ್ಲಿ ಪುಸ್ತಕವನ್ನು ಮೊದಲ ಸಲ ಅಚ್ಚು ಹಾಕಿಸಿದ ಕೆ.ಬಿ. ಪಾಠಕರೂ ಅವನದೇ ಅಂದಿದ್ದರು. ಇನ್ನೇನು ಬೇಕು?

ತೊಂದರೆ ಶುರುವಾದದ್ದು ಮೊದಲ ಪದ್ಯದಲ್ಲೇ. "ಶ್ರೀ ತಳ್ತುರದೊಳ್ ಕೌಸ್ತುಭಜಾತದ್ಯುತಿ ಬಳಸಿ ಕಾಂಡಪಟದಂತಿರೆ..." ಕಾಂಡಪಟ ಎಂದರೆ ಏನು ಅಂತ ತಿಳಿಯಲು ಒಂದಿಡೀ ಶನಿವಾರ ಹೋಯಿತು. ಅಟೆಂಡರ್ ಬೀಗ ಹಿಡಿದು ಬಾಗಿಲಲ್ಲಿ ನಿಂತಾಗ ನಿಘಂಟಿನಲ್ಲಿ ಸಿಕ್ಕಿತು: ಪರದೆ. ಲಕ್ಷ್ಮಿ ಎದೆಯನ್ನು ಅಪ್ಪಿದ್ದಾಳೆ, ಕೌಸ್ತುಭದ ಹೊಳಪು ಸುತ್ತಲೂ ಪರದೆ ಕಟ್ಟಿದ ಹಾಗಿದೆ. ಅವಳು ಯಾರನ್ನು ಬಿಟ್ಟಿರಲಾರಳೋ ಅವನೇ ನೃಪತುಂಗ. ಎಷ್ಟು ಚೆಂದ, ಅಲ್ವಾ? ಆದರೆ ಬಿ.ಎ. ಹುಡುಗಿ ಕೇಳಿದಳು, "ತನ್ನನ್ನ ತಾನೇ ವಿಷ್ಣುವಿನ ಜಾಗದಾಗ ಕೂಡಿಸ್ಕೊಂಡು ಪದ್ಯ ಬರೀತಾನೇನು?" ಬಿ.ಕಾಂ. ಗೆಳೆಯ ಬಿಡಲಿಲ್ಲ. "ಯಾಕ, ಎಲೆಕ್ಷನ್ ಪೋಸ್ಟರ್ ನೋಡಿಲ್ಲೇನು?"

ಅವಳು ಆಮೇಲೆ ದುರ್ಗಸಿಂಹನನ್ನು ತಂದಳು. 11ನೇ ಶತಮಾನದ ಪಂಚತಂತ್ರದಲ್ಲಿ ಅವನು "ಶ್ರೀವಿಜಯರ ಕವಿಮಾರ್ಗಂ" ಕವಿಗಳ ಮನಸ್ಸಿಗೆ ಕನ್ನಡಿ, ಕೈದೀವಿಗೆ ಎಂದು ಹೊಗಳಿದ್ದಾನೆ. "ಕವಿಮಾರ್ಗ ಸರಿ, ನಡುವಿನ ರಾಜ ಎಲ್ಲಿಗೆ ಹೋದ?" ಎಂದ ಗೆಳೆಯ. ಇನ್ನೊಂದು ಪೆಟ್ಟೂ ಕೊಟ್ಟ. ಕವಿರಾಜಮಾರ್ಗದ ಒಳಗೇ ಕನ್ನಡ ಕವಿಗಳ ಪಟ್ಟಿ ಇದೆ, ಅದರಲ್ಲಿ ಶ್ರೀವಿಜಯನ ಹೆಸರೂ ಇದೆ. ತನ್ನ ಹೆಸರನ್ನು ತಾನೇ ಪಟ್ಟಿಗೆ ಸೇರಿಸಿಕೊಳ್ಳುವವರು ಉಂಟೇ? ಶ್ರೀವಿಜಯ ಅನ್ನುವವರು ಇಬ್ಬರಿರಬೇಕು ಎಂದು ಸಮಾಧಾನ ಹೇಳುವವರಿದ್ದಾರೆ. ನನಗದು ಇವತ್ತಿಗೂ ಸುಮ್ನೆ ಜಾರಿಕೊಳ್ಳುವ ಉತ್ತರ ಅನಿಸುತ್ತದೆ.

ಈಗ ನನ್ನ ಮಾನ ಹೋದ ಪ್ರಸಂಗ. ಪುಸ್ತಕದ ಕೊನೆಯಲ್ಲಿ "ಶ್ರೀವಿಜಯಪ್ರಭೂತ" ಅನ್ನುವ ಮಾತು ಬರುತ್ತದೆ. ನಾನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಾಗ "ಪ್ರಭುತ" ಎಂದು ಬರೆದುಕೊಂಡೆ. ಪ್ರಭುತ ಅಂದರೆ ಪ್ರಭುತ್ವ, ಪ್ರಭುತ್ವ ಅಂದರೆ ದೊರೆ, ದೊರೆ ಅಂದರೆ ನೃಪತುಂಗ! ಭಿತ್ತಿಪತ್ರಿಕೆಗೆ ಎರಡು ಪುಟ ಗೀಚಿ ಅಂಟಿಸಿಯೂ ಬಿಟ್ಟೆ. ಮರುದಿನ ಅದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸುತ್ತು, ಪಕ್ಕದಲ್ಲಿ ಸರ್ ಅಕ್ಷರ: "ಕೊಂಬಿನ ದೀರ್ಘ ಎಲ್ಲಿ?" ಪ್ರಭೂತ ಎಂದರೆ ಹುಟ್ಟಿದ್ದು. ದೀರ್ಘ ಹಾಕಿದ ಮೇಲೂ ತಕರಾರೇನೂ ಮುಗಿಯಲಿಲ್ಲ ಅನ್ನಿ. ಶ್ರೀವಿಜಯನಿಂದ ಹುಟ್ಟಿದ್ದು ಅಂತಲೂ ಓದಬಹುದು, ಸಿರಿ ಗೆಲುವುಗಳಿಂದ ಹುಟ್ಟಿದ್ದು ಅಂತಲೂ ಓದಬಹುದು. ಆದರೆ ನನ್ನ ಎರಡು ಪುಟ ಮಾತ್ರ ಎರಡು ಕಡೆಗೂ ಸಲ್ಲಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಸೇಡಂ ಬಸ್ಸು ಹತ್ತಿ ಮಳಖೇಡಕ್ಕೆ ಹೋದೆವು. ಕಾಗಿಣಾ ನದಿಯ ದಂಡೆ, ಕೋಟೆಯ ಮುರುಕು ಗೋಡೆ, ಒಳಗೆಲ್ಲ ಜಾಲಿ ಗಿಡ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಹೇಳಿದ ಪುಸ್ತಕದ ಊರು ಇದೇನಾ ಅನಿಸಿತು. ಗೋಡೆಯ ಮೇಲೆ ಕೂತು ಚುರುಮುರಿ, ಮಿರ್ಚಿ ಭಜಿ ತಿಂದೆವು. ಅಲ್ಲೇ ಹುಡುಗಿ ಅಧ್ಯಾಯಗಳ ಕೊನೆಯ ಸಾಲು ಓದಿದಳು: "ನೃಪತುಂಗದೇವಾನುಮತಮಪ್ಪ ಕವಿರಾಜಮಾರ್ಗ". ನೃಪತುಂಗ ರಚಿಸಿದ ಅಂತಿಲ್ಲ. ಅವನು ಒಪ್ಪಿದ, ಅವನಿಗೆ ಸಮ್ಮತವಾದ ಅಂತಿದೆ. ಅವತ್ತು ನನಗೆ ಅದು ಹೆಚ್ಚೇನೂ ತಾಗಲಿಲ್ಲ. ಭಜಿ ಬಿಸಿ ಇತ್ತು.

ತಾಗಿದ್ದು ಸರ್ಕಾರಿ ಕಚೇರಿ ಸೇರಿದ ಮೇಲೆ. ಟಿಪ್ಪಣಿ ಬರೆಯುವವನು ನಾನು. ಸಾಹೇಬರು ಕೆಳಗೆ ಹಸಿರು ಶಾಯಿಯಲ್ಲಿ "ಅನುಮೋದಿಸಿದೆ" ಎಂದು ಬರೆದು ಸಹಿ ಹಾಕುತ್ತಾರೆ. ಕೆಲವು ಸಲ ನನ್ನ ವಾಕ್ಯ ಹೊಡೆದು ತಮ್ಮದನ್ನು ಹಾಕುತ್ತಾರೆ, ನಿಜ ಹೇಳಬೇಕೆಂದರೆ ಅವರದೇ ಚೆನ್ನಾಗಿರುತ್ತದೆ. ಆಗ ಅದು ಯಾರ ಬರಹ? ಅನುಮತ ಎಂಬ ಪದ ಅಲ್ಲಿ ಸುಮ್ಮನೆ ಕೂತಿಲ್ಲ ಎಂದು ಆಗ ಹೊಳೆಯಿತು. ದೊರೆಯ ವಿಚಾರ, ಕವಿಯ ಕೈ. ಅವತ್ತೇ ನಾನು ಪಕ್ಷಾಂತರ ಮಾಡಿದೆ.

ಹೋದ ವರ್ಷ ನಾನು ಬರೆದ ಒಂದು ಕೈಪಿಡಿ ಸಾಹೇಬರ ಹೆಸರಲ್ಲಿ ಅಚ್ಚಾಯಿತು. ಬಿ.ಕಾಂ. ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಜೋರಾಗಿ ನಕ್ಕ.

"ಒಳಗ ಎಲ್ಲ್ಯಾರ ನಿನ್ನ ಹೆಸರು ತುರುಕೀಯೋ ಇಲ್ಲೋ?"

"ಇಲ್ಲೋ ಮಾರಾಯ."

"ಮತ್ತ ಶ್ರೀವಿಜಯ ನಿನಗಿಂತ ಶ್ಯಾಣ್ಯಾ ಬಿಡು."

"ಅಂದ್ರ ಬರದಾತ ಶ್ರೀವಿಜಯ ಅಂತ ಒಪ್ಕೊಂಡಿ?"

ಫೋನ್ ಇಟ್ಟುಬಿಟ್ಟ.